ಲಂಬಕೋನ ತ್ರಿಭುಜದ ಲೆಕ್ಕದಾಗ ಟೈಮ್ ಎಲ್ಲಾ ಹೋಗ್ತದ, ಹೆಂಗ ಮಾಡ್ಬೇಕು?

ಸೇಡಂ ಹುಡುಗ
ಶರಣ್ರಿ ಎಲ್ಲರಿಗೂ. ರೈಲ್ವೆ ನೇಮಕಾತಿಯ ಆರ್‌ಆರ್‌ಬಿ ಎನ್‌ಟಿಪಿಸಿ ಪರೀಕ್ಷಾಕ್ಕ ಓದ್ಲತ್ತೀನಿ. ಮೊದಲನೇ ಹಂತದಾಗ 90 ನಿಮಿಷಕ್ಕ 100 ಪ್ರಶ್ನೆ, ಗಣಿತದ್ದೇ 30. ಶೇಕಡಾವಾರು, ಲಾಭ-ನಷ್ಟ, ಕಾಲ ಮತ್ತು ಕೆಲಸ, ರೈಲಿನ ಲೆಕ್ಕ ಎಲ್ಲಾ ನಡೀತಾವ. ಲಂಬಕೋನ ತ್ರಿಭುಜ ಬಂತಂದ್ರ ಮಾತ್ರ ಕೈ ನಿಂತೇ ಬಿಡ್ತದ.

ಪ್ರಮೇಯ ಗೊತ್ತಿಲ್ಲ ಅಂತಲ್ಲ. ಪೈಥಾಗೊರಸ್ ಸಾಧನೆ ಎಸ್ಸೆಸ್ಸೆಲ್ಸಿಗೆ ಬಾಯಿಪಾಠ ಮಾಡಿ ಬರ್ದೀನಿ. ಆದ್ರ ಇಂಥಾ ಪ್ರಶ್ನೆ ನೋಡ್ರಿ: "ಒಂದು ಲಂಬಕೋನ ತ್ರಿಭುಜದ ಸುತ್ತಳತೆ 60 ಸೆಂ.ಮೀ., ವಿಕರ್ಣ 26 ಸೆಂ.ಮೀ. ಆದರೆ ವಿಸ್ತೀರ್ಣ ಎಷ್ಟು?" ಒಂದು ಬಾಹು ಎಕ್ಸ್, ಇನ್ನೊಂದು 34 − ಎಕ್ಸ್ ಅಂತ ಹಿಡಿದು, ವರ್ಗ ಸಮೀಕರಣ ಮಾಡಿ, ಅಪವರ್ತನ ಹುಡುಕಿ ಉತ್ತರಕ್ಕ ಬರೋದ್ರಾಗ ಬ್ಯಾರೆ ಮೂರ್ನಾಕು ಪ್ರಶ್ನೆ ಮುಗಿಸಬಹುದಿತ್ತು. ಕೋಚಿಂಗ್‌ನಾಗ ಎರಡು ಪುಟ ತುಂಬಾ ಶಾರ್ಟ್‌ಕಟ್ ಸೂತ್ರ ಕೊಟ್ಟಾರ. ಯಾವ್ದು ಯಾವಾಗ ಹಚ್ಚಬೇಕು ತಿಳಿವಲ್ದು. ಎಲ್ಲಾ ಬಾಯಿಪಾಠ ಮಾಡ್ಲೇನು? ಪಾಸಾದವ್ರು, ಕಲಿಸೋರು ಸ್ವಲ್ಪ ಹೇಳ್ರಿ.

ಜಗತ್ ಸರ್ಕಲ್
ತಮ್ಮಾ, ಬಾಯಿಪಾಠ ಮಾಡೋದಿದ್ರ ತ್ರಿವಳಿ ಮಾಡು, ಅಂದ್ರ ಲಂಬಕೋನ ತ್ರಿಭುಜದ ಮೂರೂ ಬಾಹು ಪೂರ್ಣಾಂಕ ಆಗೋ ಜೋಡಣಿ. 3-4-5, 5-12-13, 8-15-17, 7-24-25, 20-21-29, 9-40-41. ಇಷ್ಟು ಮತ್ತು ಇವುಗಳ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಬಾಯಾಗಿರ್ಬೇಕು. 26 ಕಂಡ ಕೂಡ್ಲೇ 13ರ ಎರಡರಷ್ಟು ಅಂತ ಹೊಳೀಬೇಕು. 10, 24, 26. ಕೂಡಿಸಿದ್ರ 60, ಸರಿ ಅದ. ವಿಸ್ತೀರ್ಣ 10 × 24ರ ಅರ್ಧ, 120. ಪೆನ್ನು ಎತ್ತೋದೇ ಬ್ಯಾಡ.

ತೊಗರಿ ಕಣಜ
ಅದೇ ಖರೆ. ಒಂದು ಪ್ರಶ್ನೆಕ್ಕ 54 ಸೆಕೆಂಡು ಸಿಗ್ತದ, ಅಷ್ಟರಾಗ ಎಕ್ಸ್ ವೈ ಹಿಡೀಲಿಕ್ಕ ಆಗಂಗಿಲ್ಲ.

ಬೀದರ ಮಾಸ್ತರ
ತ್ರಿವಳಿ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಶ್ನೆ ಮಾಡುವವರಿಗೂ ತ್ರಿವಳಿ ಗೊತ್ತಿರುತ್ತದೆ. ಅವರು ಬೇಕೆಂದೇ ಪೂರ್ಣಾಂಕ ಬಾರದ ಸಂಖ್ಯೆ ಕೊಟ್ಟರೆ ಏನು ಮಾಡುತ್ತೀರಿ? ಆ ಹೊತ್ತಿಗೂ ನಡೆಯುವ ದಾರಿ ಇದು.

ಎರಡು ಬಾಹುಗಳನ್ನು ಬೇರೆ ಬೇರೆ ಕಂಡುಹಿಡಿಯುವ ಅಗತ್ಯವೇ ಇಲ್ಲ. ಪ್ರಶ್ನೆ ಕೇಳಿದ್ದು ವಿಸ್ತೀರ್ಣ. ಬಾಹುಗಳ ಮೊತ್ತ 60 − 26 = 34. ಅದರ ವರ್ಗ 1156. ಬಾಹುಗಳ ವರ್ಗಗಳ ಮೊತ್ತ ಅಂದರೆ ವಿಕರ್ಣದ ವರ್ಗ, 676. ಇವೆರಡರ ವ್ಯತ್ಯಾಸ 480, ಅದು ಗುಣಲಬ್ಧದ ಎರಡರಷ್ಟು. ವಿಸ್ತೀರ್ಣವೆಂದರೆ ಗುಣಲಬ್ಧದ ಅರ್ಧ, ಹಾಗಾಗಿ 480ನ್ನು 4ರಿಂದ ಭಾಗಿಸಿ: 120. ವರ್ಗ ಸಮೀಕರಣದ ಸುದ್ದಿಯೇ ಬರಲಿಲ್ಲ.

ಇನ್ನೂ ಬೇಗ ಬೇಕೆಂದರೆ: ಅರ್ಧ ಸುತ್ತಳತೆ 30, ಅದರಲ್ಲಿ ವಿಕರ್ಣ ಕಳೆದರೆ 4. 30 × 4 = 120. ಇದು ಲಂಬಕೋನ ತ್ರಿಭುಜಕ್ಕೆ ಮಾತ್ರ ಅನ್ವಯ. ಆ 4 ಎಂಬುದು ಒಳಗೆ ಕೂಡುವ ವೃತ್ತದ ತ್ರಿಜ್ಯ. ಬಾಹ್ಯಬಿಂದುವಿನಿಂದ ಎಳೆದ ಸ್ಪರ್ಶಕಗಳು ಸಮ ಎಂದು ಹತ್ತನೇ ತರಗತಿಯಲ್ಲಿ ಓದಿದ್ದೀರಲ್ಲ, ಅದನ್ನೇ ಮೂರೂ ಮೂಲೆಗೆ ಹಚ್ಚಿ ನೋಡಿ. ಲಂಬಕೋನದ ಮೂಲೆಯಲ್ಲಿ ಒಂದು ಚಿಕ್ಕ ಚೌಕ ಆಗುತ್ತದೆ, ಅದರ ಬಾಹುವೇ ತ್ರಿಜ್ಯ.

ಸೇಡಂ ಹುಡುಗ
ಸರ್, ಅರ್ಧ ಸುತ್ತಳತೆ ಸೂತ್ರ ನಮ್ಮ ಪಟ್ಟಿನಾಗೂ ಅದ. ಆದ್ರ ಯಾಕ ಬಂತು ಅಂತ ಯಾರೂ ಹೇಳಿದ್ದಿಲ್ಲ. ಈಗ ಚಿತ್ರ ಬರ್ದು ನೋಡ್ದೆ, ಚೌಕ ಬರ್ತದ.

ಶಹಾಪುರದಾಕಿ
ತ್ರಿವಳಿ ಅಂತ ಎಲ್ಲಾರೂ ಕುಣೀತೀರಿ, ಅದ್ರಾಗೇ ಬಲೆ ಹಾಕ್ತಾರ. "ಲಂಬಕೋನ ತ್ರಿಭುಜದ ವಿಕರ್ಣ 12, ಒಂದು ಬಾಹು 5. ಇನ್ನೊಂದು ಬಾಹು?" ಆಯ್ಕೆಯೊಳಗ 13 ಇದ್ದೇ ಇರ್ತದ. 5 ಮತ್ತು 12 ಕಂಡ ಹುಡುಗರು ಪ್ರಶ್ನೆ ಪೂರಾ ಓದದೆ 13 ಒತ್ತಿಬಿಡ್ತಾರ. ವಿಕರ್ಣಕಿಂತ ದೊಡ್ಡ ಬಾಹು ಹೆಂಗ ಬರ್ತದರಿ? ಉತ್ತರ √119. ತಪ್ಪಾದ್ರ ಮೂರನೇ ಒಂದು ಅಂಕ ಕಟ್.

ಅದಕ್ಕ ಮೊದಲ ಕೆಲಸ ಯಾವ್ದು ವಿಕರ್ಣ ಅಂತ ಗುರುತು ಹಾಕೋದು. ಚಿತ್ರ ಬರೀ, ಲಂಬಕೋನಕ್ಕ ಚೌಕದ ಗುರುತು ಹಾಕು, ಅದರ ಎದುರಿನ ಗೆರೀಗೆ ವಿಕರ್ಣ ಅಂತ ಬರೀ. ಆಮ್ಯಾಲ ತ್ರಿವಳಿ.

ಜಗತ್ ಸರ್ಕಲ್
ಅಕ್ಕಾ, ಪ್ರತಿ ಪ್ರಶ್ನೆಕ್ಕ ಚಿತ್ರ ಬರಕೋತ ಕೂತ್ರ 100 ಪ್ರಶ್ನೆ ಮುಗಿಯಂಗಿಲ್ಲ.

ಶಹಾಪುರದಾಕಿ
ಸ್ಕೇಲ್ ಹಿಡಿದು ಬರೀ ಅಂತ ಯಾರ್ ಹೇಳ್ಯಾರ? ರಫ್ ಹಾಳಿ ಮ್ಯಾಲ ಮೂರು ಗೆರಿ ಗೀಚಲಿಕ್ಕ ಎರಡು ಸೆಕೆಂಡು. ಸೂತ್ರ ನೆನಪು ಮಾಡ್ಕೊಳ್ಳೋ ಟೈಮಿಗಿಂತ ಕಡಿಮಿನೇ.

ಗೌಂಡಿ ಮಗ, ಶಹಾಬಾದ
ನಮ್ಮಪ್ಪ ಗೌಂಡಿ ಕೆಲಸ ಮಾಡ್ತಾನ. ಶಾಲಿಗಿ ಭಾಳ ಹೋದಾಂವ ಅಲ್ಲ. ಬುನಾದಿ ಹಾಕೋ ಮುಂದ ಮೂಲಿಯಿಂದ ಒಂದು ದಾರದ ಮ್ಯಾಲ 3 ಅಡಿ, ಇನ್ನೊಂದು ದಾರದ ಮ್ಯಾಲ 4 ಅಡಿ ಗುರುತು ಮಾಡ್ತಾನ. ಆ ಎರಡು ಗುರುತಿನ ನಡುವ ಟೇಪ್ ಹಿಡೀತಾನ. 5 ಅಡಿ ಬಂತಂದ್ರ ಮೂಲಿ ಗುಣ್ಯಾಕ್ಕ, ಅಂದ್ರ ಲಂಬಕೋನಕ್ಕ ಬಂತು ಅಂತ ಲೆಕ್ಕ. ಒಂದಿಂಚು ಹೆಚ್ಚು ಬಂದ್ರ ಮೂಲಿ ಅಗಲ ಆಗ್ಯಾದ, ದಾರ ಒಳಗ ಸರಸ್ತಾನ. ದೊಡ್ಡ ಖೋಲಿ ಇದ್ರ 12, 16, 20. ಅಳತಿ ಎಷ್ಟು ದೊಡ್ಡದೋ ಅಷ್ಟು ತಪ್ಪು ಕಡಿಮಿ ಅಂತಾನ.

ಫರ್ಸಿ ಹಾಕೋ ಮುಂದನೂ ಹಂಗೇ. ಖೋಲಿಯ ಮೂಲಿಯಿಂದ ಮೂಲಿಗಿ ಎರಡೂ ಕಡಿ ಅಳತಿ ಸಮ ಬಂದಿಲ್ಲ ಅಂದ್ರ ಕೊನೀ ಸಾಲಿನಾಗ ಕಲ್ಲು ಸೊಟ್ಟ ಕತ್ತರಿಸಬೇಕಾಗ್ತದ. ನನಗ ಪೈಥಾಗೊರಸ್ ತಲೀಗೆ ಹೋಗಿದ್ದು ಅಪ್ಪನ ದಾರದಿಂದ, ಬೋರ್ಡಿನಿಂದ ಅಲ್ಲ.

ಬೀದರ ಮಾಸ್ತರ
ಬಹಳ ಛಲೋ ಹೇಳಿದಿರಿ. ಒಂದು ಸೂಕ್ಷ್ಮ ಗಮನಿಸಿ: ನಿಮ್ಮ ತಂದೆಯವರು ಬಳಸುವುದು ಪ್ರಮೇಯದ ವಿಲೋಮ. ಲಂಬಕೋನ ಇದ್ದು ಅದರ ಬಾಹುಗಳು 3, 4 ಆದರೆ ವಿಕರ್ಣ 5 ಬರುತ್ತದೆ ಎಂಬುದು ಪ್ರಮೇಯ. 3-4-5 ಬಂದರೆ ಅಲ್ಲಿ ಲಂಬಕೋನ ಇದೆ ಎಂಬುದು ವಿಲೋಮ. ಪರೀಕ್ಷೆಯಲ್ಲಿ "ಬಾಹುಗಳು 9, 40, 41 ಇರುವ ತ್ರಿಭುಜದ ವಿಸ್ತೀರ್ಣ" ಎಂದು ಕೇಳಿದಾಗ, ಮೂರು ಬಾಹುಗಳಿಂದ ವಿಸ್ತೀರ್ಣ ತೆಗೆಯುವ ಉದ್ದನೆಯ ಹೆರಾನ್ ಸೂತ್ರಕ್ಕೆ ಕೈ ಹಾಕದೆ 180 ಎಂದು ಹೇಳುವುದು ಈ ವಿಲೋಮದಿಂದಲೇ.

ಯಾದಗಿರಿ ಕೋಟೆ
ಒಂದು ಪ್ರಶ್ನೆ ನಂದೂ ಇರಲಿ. ಒಂದು ಮಾಕ್ ಟೆಸ್ಟ್‌ನಾಗ ಬಂದಿತ್ತು: "ಲಂಬಕೋನ ತ್ರಿಭುಜದ ವಿಕರ್ಣ 10 ಸೆಂ.ಮೀ., ಲಂಬಕೋನದ ಶೃಂಗದಿಂದ ವಿಕರ್ಣಕ್ಕೆ ಎಳೆದ ಲಂಬ 6 ಸೆಂ.ಮೀ. ವಿಸ್ತೀರ್ಣ ಎಷ್ಟು?" ಅವರ ಉತ್ತರ 30. ನಮ್ಮ ರೂಮಿನಾಗ ಒಬ್ಬಾಂವ ಇಂಥಾ ತ್ರಿಭುಜನೇ ಇಲ್ಲ ಅಂತ ವಾದ ಮಾಡ್ಲತ್ತಾನ. ಯಾರ್ದು ಸರಿ?

ತೊಗರಿ ಕಣಜ
30 ಸರಿ ಅದಲ್ಲ. ಪಾದ 10, ಎತ್ತರ 6, ಅರ್ಧ ಗುಣಲಬ್ಧ. ಇದ್ರಾಗ ವಾದ ಏನದ?

ಜಗತ್ ಸರ್ಕಲ್
30. 6-8-10 ತ್ರಿವಳಿ ಕಾಣ್ಸಲತ್ತದ.

ಶಹಾಪುರದಾಕಿ
6-8-10ರಾಗ 6 ಅನ್ನೋದು ಬಾಹು, ವಿಕರ್ಣಕ್ಕ ಎಳೆದ ಲಂಬ ಅಲ್ಲ. ಆ ತ್ರಿಭುಜದ ವಿಸ್ತೀರ್ಣ 24. ಹಂಗಾದ್ರ ವಿಕರ್ಣದ ಮ್ಯಾಲಿನ ಲಂಬ 4.8 ಬರ್ತದ. 6 ಎಲ್ಲಿಂದ ಬಂತು?

ತೊಗರಿ ಕಣಜ
ಬ್ಯಾರೆ ತ್ರಿಭುಜ ಇರ್ಬಹುದು. ಬಾಹು ಪೂರ್ಣಾಂಕನೇ ಇರಬೇಕು ಅಂತ ಏನ್ ಕಾಯ್ದೆ ಅದ?

ಬೀದರ ಮಾಸ್ತರ
ವಾದ ಮಾಡುತ್ತಿರುವ ಆ ಹುಡುಗನೇ ಸರಿ. ಅಂಥ ತ್ರಿಭುಜ ಇಲ್ಲ. ಎಲ್ಲರೂ ಒಂದು ಹಾಳೆ ತಗೊಂಡು ಈಗಲೇ ಮಾಡಿ ನೋಡಿ.

10 ಸೆಂ.ಮೀ. ಗೆರೆ ಎಳೆಯಿರಿ. ಅದರ ನಟ್ಟನಡುವೆ ಕೈವಾರದ ಮುಳ್ಳು ಇಟ್ಟು 5 ಸೆಂ.ಮೀ. ತ್ರಿಜ್ಯದ ಅರ್ಧವೃತ್ತ ಎಳೆಯಿರಿ. ಆ ಗೆರೆ ವಿಕರ್ಣವಾಗುವ ಎಲ್ಲಾ ಲಂಬಕೋನ ತ್ರಿಭುಜಗಳ ಮೂರನೇ ಶೃಂಗ ಈ ಅರ್ಧವೃತ್ತದ ಮೇಲೆಯೇ ಬರಬೇಕು, ಏಕೆಂದರೆ ಅರ್ಧವೃತ್ತದಲ್ಲಿನ ಕೋನವೇ 90°. ಈಗ ಶೃಂಗವನ್ನು ವೃತ್ತದ ಮೇಲೆ ಎಲ್ಲಿ ಬೇಕಾದರೂ ಸರಿಸಿ. ಗೆರೆಯಿಂದ ಅದರ ಎತ್ತರ ಹೆಚ್ಚೆಂದರೆ 5, ಅದೂ ನೆತ್ತಿಯಲ್ಲಿ ಮಾತ್ರ. 6ಕ್ಕೆ ಏರಿಸಿದರೆ ಶೃಂಗ ವೃತ್ತದ ಹೊರಗೆ ಹೋಗುತ್ತದೆ, ಕೋನ 90°ಗಿಂತ ಕಡಿಮೆ ಆಗುತ್ತದೆ.

ಬೀಜಗಣಿತದಿಂದ ಬೇಕಾದವರಿಗೆ: ಬಾಹುಗಳ ಗುಣಲಬ್ಧ 60 ಆಗಬೇಕು, ವರ್ಗಗಳ ಮೊತ್ತ 100. ಆಗ ವ್ಯತ್ಯಾಸದ ವರ್ಗ 100 − 120, ಅಂದರೆ −20. ಯಾವ ವಾಸ್ತವ ಸಂಖ್ಯೆಯ ವರ್ಗವೂ ಋಣ ಆಗುವುದಿಲ್ಲ.

ಇದೇ ಚಿತ್ರದಿಂದ ಇನ್ನೊಂದು ಸಿಗುತ್ತದೆ: ಲಂಬಕೋನದ ಶೃಂಗದಿಂದ ವಿಕರ್ಣದ ಮಧ್ಯಬಿಂದುವಿಗೆ ಎಳೆದ ಗೆರೆ ಯಾವಾಗಲೂ ವಿಕರ್ಣದ ಅರ್ಧ, ಏಕೆಂದರೆ ಅದೂ ತ್ರಿಜ್ಯವೇ. ಪರಿವೃತ್ತದ, ಅಂದರೆ ಮೂರೂ ಶೃಂಗಗಳ ಮೂಲಕ ಹೋಗುವ ವೃತ್ತದ ತ್ರಿಜ್ಯ ಕೇಳಿದರೂ ಇದೇ ಉತ್ತರ. ಸೇಡಂನ ಹುಡುಗನ ಪಟ್ಟಿಯಲ್ಲಿ ಇವು ಎರಡು ಬೇರೆ ಬೇರೆ ಸೂತ್ರ ಆಗಿ ಇದ್ದಿರಬೇಕು.

ಸೇಡಂ ಹುಡುಗ
ಹೌದ್ರಿ ಸರ್, 7ನೇದು ಮತ್ತು 19ನೇದು.

ತೊಗರಿ ಕಣಜ
ಕೈವಾರ ಹಿಡಿದು ಬರ್ದು ನೋಡ್ದೆ. ಮಾಸ್ತರ ಹೇಳಿದ್ದು ಖರೆ ಅದ, 5ರ ಮ್ಯಾಲ ಹೋಗಂಗಿಲ್ಲ. ಆದ್ರ ಖರೇ ಪರೀಕ್ಷಾದಾಗ ಹಿಂಗ ಬಂದು, ಆಯ್ಕೆಯೊಳಗ 30 ಇದ್ದು, "ಸಾಧ್ಯವಿಲ್ಲ" ಅನ್ನೋದು ಇಲ್ಲ ಅಂದ್ರ ಏನ್ ಮಾಡೋದು?

ಬೀದರ ಮಾಸ್ತರ
30 ಒತ್ತಿ ಮುಂದೆ ಹೋಗಿ. ಆಮೇಲೆ ಕೀ ಉತ್ತರ ಬಿಟ್ಟಾಗ ಆಕ್ಷೇಪ ಸಲ್ಲಿಸಿ. ಆರ್‌ಆರ್‌ಬಿಯಲ್ಲಿ ಪ್ರತಿ ಪ್ರಶ್ನೆಗೆ 50 ರೂಪಾಯಿ ಕಟ್ಟಬೇಕು, ಆಕ್ಷೇಪ ಸರಿ ಇದ್ದರೆ ಹಣ ವಾಪಸ್ ಬರುತ್ತದೆ. ಆದರೆ ಮನೆಯಲ್ಲಿ ಅಭ್ಯಾಸ ಮಾಡುವಾಗ ಇಂಥ ಪ್ರಶ್ನೆಗೆ 30 ಬರೆದು ಸುಮ್ಮನಾಗಬೇಡಿ. ಅಲ್ಲಿ ನಿಂತು ಯೋಚಿಸಿದ ಹುಡುಗನಿಗೆ ವೃತ್ತದ ಅರ್ಧ ಪಾಠ ಬಂದಂತೆ.

ವಾಡಿ ಜಂಕ್ಷನ್
ನಡುವ ಒಂದು ಮಾತು. ರೈಲ್ವೆ ನೇಮಕಾತಿಗೆ ನಮ್ಮ ಕಲ್ಯಾಣ ಕರ್ನಾಟಕದವ್ರಿಗಿರೋ 371(ಜೆ) ಮೀಸಲಾತಿ ಬರ್ತದೇನ್ರಿ? ನನ್ನ ತಮ್ಮ ಕೇಳ್ಲತ್ತಾನ.

ಶಹಾಪುರದಾಕಿ
ಬರಂಗಿಲ್ಲ. ಅದು ರಾಜ್ಯ ಸರ್ಕಾರದ ಹುದ್ದೆ ಮತ್ತು ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳ ಸೀಟಿಗೆ. ರೈಲ್ವೆ ಕೇಂದ್ರದ್ದು. ಪ್ರಶ್ನೆಪತ್ರಿಕೆ ಕನ್ನಡದಾಗ ತೊಗೊಳ್ಳಬಹುದು, ಅರ್ಜಿ ತುಂಬೋ ಮುಂದನೇ ಭಾಷೆ ಆಯ್ಕೆ ಮಾಡ್ಬೇಕು ಅಂತ ಹೇಳ್ರಿ ಅವಗ.

ಕಾಗಿಣಾ ದಂಡಿ
ತ್ರಿವಳಿ ಬಾಯಿಪಾಠ ಮಾಡೋರಿಗೆ ಒಂದು ವಿಷಯ. ಸೇಡಂ ತಮ್ಮಾ, ನಿಮ್ಮ ತಾಲೂಕಿನ ಮಳಖೇಡ ಅಂದ್ರ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಾಗ ಅಮೋಘವರ್ಷ ನೃಪತುಂಗನ ಕಾಲದಾಗಿದ್ದ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರ್ದ. ಅದ್ರಾಗ ಲಂಬಕೋನದ ಆಕೃತಿಗಳನ್ನ ಹುಟ್ಟಿಸೋ ರೀತಿ ಅದ. ಎರಡು ಸಂಖ್ಯಾ ತೊಗೊ, ಅವುಕ್ಕ ಬೀಜ ಅಂತಾನ. ಹುಟ್ಟಿದ ಆಕೃತಿ ಜನ್ಯ.

ಬೀಜ 2 ಮತ್ತು 1 ಅಂತ ಹಿಡಿ. ವರ್ಗಗಳ ವ್ಯತ್ಯಾಸ 4 − 1 = 3. ಗುಣಲಬ್ಧದ ಎರಡರಷ್ಟು 4. ವರ್ಗಗಳ ಮೊತ್ತ 5. ಬಂತಲ್ಲ 3-4-5! ಬೀಜ 3 ಮತ್ತು 2 ಇದ್ರ 5-12-13. 4 ಮತ್ತು 1 ಇದ್ರ 15-8-17. 4 ಮತ್ತು 3 ಇದ್ರ 7-24-25. 5 ಮತ್ತು 2 ಇದ್ರ 21-20-29. ಪಟ್ಟಿ ಮರ್ತ್ರೂ ಪರೀಕ್ಷಾ ಕೋಣಿಯಾಗ ಕೂತು ನೀವೇ ಹುಟ್ಟಿಸಬಹುದು. ಮಳಖೇಡ ಕೋಟಿ ಮುಂದ ಹಾದು ಹೋಗೋ ಮುಂದ ನನಗ ಪ್ರತಿ ಸಲ ಅನಿಸ್ತದ, ನಮ್ಮ ಶಾಲಿ ಮಕ್ಕಳಿಗೆ ಇದನ್ನ ಯಾಕ ಹೇಳಂಗಿಲ್ಲ ಅಂತ. ನಮ್ಮ ಭಾಗ ಅಂದ್ರ ಗಣಿತ ಬರಲಾರದವ್ರು ಅನ್ನೋ ಮಾತು ಕೇಳಿ ಕೇಳಿ ಸಾಕಾಗ್ಯಾದ.

ಜಗತ್ ಸರ್ಕಲ್
ಅಣ್ಣಾ, ಇತಿಹಾಸ ಇರಲಿ. ಇದ್ರಿಂದ ಎಲ್ಲಾ ತ್ರಿವಳಿನೂ ಬರ್ತಾವೇನು? 9-12-15 ಯಾವ ಬೀಜದಿಂದ ಬಂತು ಹೇಳು.

ಕಾಗಿಣಾ ದಂಡಿ
ಪೂರ್ಣಾಂಕ ಬೀಜದಿಂದ ನೇರ ಬರಂಗಿಲ್ಲ. 15 ಅನ್ನೋದು ಎರಡು ವರ್ಗಗಳ ಮೊತ್ತ ಅಲ್ಲ. 3-4-5 ಹುಟ್ಟಿಸಿ 3ರಿಂದ ಗುಣಿಸಬೇಕು. ಸಾಮಾನ್ಯ ಅಪವರ್ತನ ಇಲ್ಲದ ತ್ರಿವಳಿ ಎಲ್ಲಾ ಬೀಜದಿಂದ ಬರ್ತಾವ, ಉಳಿದವು ಅವುಗಳ ಗುಣಕ. ಮತ್ತ ಇತಿಹಾಸ ಇರಲಿ ಅನಬ್ಯಾಡ, ಸಾಮಾನ್ಯ ಜ್ಞಾನದ್ದು 40 ಪ್ರಶ್ನೆ ಅದಾವ. ಮಾನ್ಯಖೇಟ ಅಲ್ಲಿ ಬರ್ಬಹುದು.

ಚಿಂಚೋಳಿ ಅಕ್ಕೋರು
ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳ್ತೀನಿ. ಎತ್ತರ-ದೂರದ ಲೆಕ್ಕದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕ ಬರೀತೀನಿ. ಮಕ್ಕಳು ಸೈನ್, ಕಾಸ್, ಟ್ಯಾನ್ ಕೋಷ್ಟಕ ಉರು ಹೊಡೀತಾರೆ, ಲೆಕ್ಕ ಕೊಟ್ರೆ ಯಾವುದು ಹಾಕಬೇಕು ಗೊತ್ತಾಗಲ್ಲ. ನಾನು ಎರಡೇ ತ್ರಿಭುಜ ಕಲಿಸ್ತೀನಿ. ಸಮಬಾಹು ತ್ರಿಭುಜದ ಕಾಗದ ನಡುವೆ ಮಡಚಿದ್ರೆ 30-60-90, ಬಾಹುಗಳು 1, √3, 2. ಚೌಕದ ಕಾಗದ ಮೂಲೆಯಿಂದ ಮೂಲೆಗೆ ಮಡಚಿದ್ರೆ 45-45-90, ಬಾಹುಗಳು 1, 1, √2. ಪರೀಕ್ಷೆಯ ಕೋನಗಳು ಹೆಚ್ಚಿನ ಪಾಲು ಇವೇ.

ಈ ಪ್ರಶ್ನೆ ನೋಡ್ರಿ. ಗೋಪುರದ ತುದಿ ಒಂದು ಕಡೆಯಿಂದ 30° ಉನ್ನತ ಕೋನದಲ್ಲಿ ಕಾಣ್ತದೆ. 40 ಮೀಟರ್ ಗೋಪುರದ ಕಡೆ ನಡೆದ್ರೆ 60°. ಎತ್ತರ ಎಷ್ಟು? ಎಲ್ಲರೂ ಎರಡು ಟ್ಯಾನ್ ಸಮೀಕರಣ ಬರೀತಾರೆ. ಚಿತ್ರ ನೋಡಿ: ಹಿಂದಿನ ಬಿಂದು, ಮುಂದಿನ ಬಿಂದು, ಗೋಪುರದ ತುದಿ, ಈ ಮೂರರ ತ್ರಿಭುಜದಲ್ಲಿ ಒಂದು ಕೋನ 30°, ಬಾಹ್ಯಕೋನ 60°. ಅಂದ್ರೆ ತುದಿಯಲ್ಲಿನ ಕೋನವೂ 30°. ಸಮದ್ವಿಬಾಹು! ಹಾಗಾಗಿ ಮುಂದಿನ ಬಿಂದುವಿನಿಂದ ತುದಿಗೆ ಓರೆ ಗೆರೆ 40. ಅದು 30-60-90ರ ವಿಕರ್ಣ. ಎತ್ತರ 20√3, ಸುಮಾರು 34.6 ಮೀಟರ್. ಸಮೀಕರಣ ಒಂದೂ ಬೇಕಾಗಲಿಲ್ಲ.

ಮಕ್ಕಳನ್ನ ಶಾಲೆ ಹಿಂದಿನ ನೀರಿನ ಟ್ಯಾಂಕ್ ಹತ್ರ ಕರ್ಕೊಂಡು ಹೋಗ್ತೀನಿ. 1 ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ ಅದರ ನೆರಳು, ಟ್ಯಾಂಕಿನ ನೆರಳು ಎರಡೂ ಒಂದೇ ಹೊತ್ತಿಗೆ ಅಳೀತೀವಿ. ಒಬ್ಬ ಹುಡುಗ ಕೋಲನ್ನ ಕಣ್ಣಳತೆಯಲ್ಲಿ ಹಿಡಿದ್ರೆ, ಇನ್ನೊಬ್ಬಳು ದಾರಕ್ಕೆ ಕಲ್ಲು ಕಟ್ಟಿ ನೆಟ್ಟಗಿದೆಯಾ ನೋಡ್ತಾಳೆ. ಸಮರೂಪ ತ್ರಿಭುಜ ಅಂದ್ರೆ ಏನು ಅಂತ ಆಮೇಲೆ ಕೇಳುವ ಕೆಲಸ ಇರಲ್ಲ.

ಯಾದಗಿರಿ ಕೋಟೆ
ಅಕ್ಕೋರೇ, ಟ್ಯಾಂಕ್ ದುಂಡಗ ಇರ್ತದ, ನೆರಳು ಗೋಡಿಯಿಂದ ಅಳೀಬೇಕೋ ನಡುವಿನಿಂದ ಅಳೀಬೇಕೋ? ನಡುವಿನಿಂದ ಅಂದ್ರ ಅರ್ಧ ಅಗಲ ಕೂಡಿಸಬೇಕಲ್ಲ?

ಚಿಂಚೋಳಿ ಅಕ್ಕೋರು
ಮೇಲಿಂದ ಕೆಳಗಿನ ತನಕ ಒಂದೇ ಅಗಲ ಇದ್ರೆ ಗೋಡೆಯಿಂದಲೇ ಅಳೀರಿ. ನೆರಳಿನ ತುದಿ ಬೀಳೋದು ನೆರಳಿನ ಕಡೆಯ ಮೇಲಂಚಿನಿಂದ, ಆ ಅಂಚಿನ ನೇರ ಕೆಳಗೆ ಗೋಡೆಯ ಬುಡ ಇರ್ತದೆ. ಕಂಬದ ಮೇಲೆ ಅಗಲ ಟ್ಯಾಂಕ್ ಇದ್ರೆ ಅಂಚಿನ ನೇರ ಕೆಳಗೆ ನೆಲದ ಮೇಲೆ ಗುರುತು ಮಾಡಿ ಅಲ್ಲಿಂದ ಅಳೀಬೇಕು. ನೀವು ಕೇಳಿದ್ದು ಛಲೋ ಪ್ರಶ್ನೆ, ನಾಳೆ ಮಕ್ಕಳಿಗೂ ಕೇಳ್ತೀನಿ.

ವಾಡಿ ಜಂಕ್ಷನ್
ನಿಚ್ಚಣಿಕಿ ಲೆಕ್ಕ ಯಾರೂ ಹೇಳ್ಲಿಲ್ಲ. 25 ಅಡಿ ನಿಚ್ಚಣಿಕಿ, ಬುಡ ಗೋಡಿಯಿಂದ 7 ಅಡಿ. ತುದಿ 4 ಅಡಿ ಕೆಳಗ ಜಾರಿದ್ರ ಬುಡ ಎಷ್ಟು ಸರೀತದ?

ತೊಗರಿ ಕಣಜ
7-24-25. ತುದಿ 24ರಾಗಿತ್ತು, 20ಕ್ಕ ಬಂತು. ಈಗ 15-20-25. ಬುಡ 7ರಿಂದ 15ಕ್ಕ, ಅಂದ್ರ 8 ಅಡಿ. 4 ಅಂತ ಒತ್ತೋರು ಭಾಳ ಮಂದಿ ಇರ್ತಾರ. 15 ಒತ್ತೋರೂ ಇರ್ತಾರ, ಸರಿದದ್ದು ಎಷ್ಟು ಅಂತ ಕೇಳ್ಯಾರ, ಈಗಿನ ದೂರ ಅಲ್ಲ.

ಗೌಂಡಿ ಮಗ, ಶಹಾಬಾದ
ಈ 15-20-25ಕ್ಕ ವಿಕರ್ಣದ ಮ್ಯಾಲ ಲಂಬ ಎಳೆದ್ರ 12 ಬರ್ತದ. ವಿಕರ್ಣ 9 ಮತ್ತು 16 ಅಂತ ಎರಡು ತುಂಡಾಗ್ತದ. 9 × 16 = 144, ಅದು 12ರ ವರ್ಗ. ಈ ಒಂದು ಚಿತ್ರ ತಲಿಯಾಗಿದ್ರ ಸಮರೂಪತೆಯ ಅರ್ಧ ಪ್ರಶ್ನೆ ಇದರ ಮ್ಯಾಲೇ ನಡೀತಾವ.

ಸೇಡಂ ಹುಡುಗ
ಎಲ್ಲಾ ಬರ್ಕೊಂಡೀನಿ. ಇನ್ನೊಂದು ಬಗೀದು ಕೇಳ್ತೀನಿ. 32 ಅಡಿ ಎತ್ತರದ ಮರ ಗಾಳಿಗೆ ಮುರಿದು, ತುದಿ ಬುಡದಿಂದ 16 ಅಡಿ ದೂರ ನೆಲಕ್ಕ ತಾಗ್ತು. ಎಷ್ಟು ಎತ್ತರದಾಗ ಮುರೀತು? ಇದಕ್ಕೂ ನಾ ಎಕ್ಸ್ ಹಿಡೀತೀನಿ.

ಕಾಗಿಣಾ ದಂಡಿ
ಇದು ಭಾಸ್ಕರಾಚಾರ್ಯನ ಲೀಲಾವತಿಯ ಬಿದಿರಿನ ಲೆಕ್ಕ. ಅಲ್ಲಿ ಅಡಿ ಬದ್ಲು ಮೊಳ, ಅಂಕಿ ಇವೇ.

ಶಹಾಪುರದಾಕಿ
ನಿಂತ ಭಾಗ ಬಾಹು, ಬಿದ್ದ ಭಾಗ ವಿಕರ್ಣ. ಎರಡರ ಮೊತ್ತ 32. ಎರಡರ ವರ್ಗಗಳ ವ್ಯತ್ಯಾಸ 16ರ ವರ್ಗ, 256. ವರ್ಗಗಳ ವ್ಯತ್ಯಾಸ ಅಂದ್ರ ಮೊತ್ತ × ವ್ಯತ್ಯಾಸ. 256ಕ್ಕ 32ರಿಂದ ಭಾಗಿಸು, ವ್ಯತ್ಯಾಸ 8. ಮೊತ್ತ 32, ವ್ಯತ್ಯಾಸ 8, ಅಂದ್ರ 20 ಮತ್ತು 12. ಮುರಿದದ್ದು 12 ಅಡಿ ಎತ್ತರದಾಗ.

ಜಗತ್ ಸರ್ಕಲ್
12-16-20, ನಾ ಮೊದಲೇ ಹೇಳಿದ್ನಲ್ಲ, 3-4-5ರ ನಾಲ್ಕರಷ್ಟು.

ಶಹಾಪುರದಾಕಿ
ಮರ 30 ಅಡಿ ಅಂತ ಬದಲಾಯಿಸ್ತೀನಿ, 16 ಹಂಗೇ ಇರಲಿ. ತ್ರಿವಳಿ ಹಚ್ಚಿ ಹೇಳು ಈಗ.

ಜಗತ್ ಸರ್ಕಲ್
ತ್ರಿವಳಿ ಕೂಡಂಗಿಲ್ಲ. 256 ಭಾಗ 30, ಅಂದ್ರ 8.53. 30ರಾಗ ಕಳೆದು ಅರ್ಧ ಮಾಡಿದ್ರ ಸುಮಾರು 10.73 ಅಡಿ. ನಿನ್ನ ರೀತಿಯಿಂದನೇ ಬಂತು.

ಚಿಂಚೋಳಿ ಅಕ್ಕೋರು
ಮರದ ಲೆಕ್ಕದಲ್ಲಿ ಕೋನ ಕೊಟ್ಟು ಕೇಳುವುದೂ ಉಂಟು. ತುದಿ ಬುಡದಿಂದ 30 ಮೀಟರ್ ದೂರ ಬಿದ್ದು, ನೆಲದ ಜೊತೆ 30° ಮಾಡಿದ್ರೆ ಮರದ ಪೂರ್ತಿ ಎತ್ತರ ಎಷ್ಟು? ಸೂತ್ರ ಹಾಕಬೇಡ್ರಿ, ಮಡಚಿದ ಕಾಗದ ನೆನಪು ಮಾಡ್ಕೊಳ್ರಿ.

ಸೇಡಂ ಹುಡುಗ
ನೆಲದ ಗೆರಿ √3 ಭಾಗ, ಅದು 30. ಒಂದು ಭಾಗ 30/√3, ಅಂದ್ರ 10√3. ನಿಂತ ಮರ ಒಂದು ಭಾಗ, ಬಿದ್ದದ್ದು ಎರಡು ಭಾಗ, ಕೂಡಿ ಮೂರು ಭಾಗ. 30√3 ಮೀಟರ್ರಿ ಅಕ್ಕೋರೇ, ಸುಮಾರು 52.

ಚಿಂಚೋಳಿ ಅಕ್ಕೋರು
ಸರಿ. ಈಗ 30° ಬದ್ಲಿ 60° ಹಾಕಿ ನೀನೇ ಮಾಡು, ನಿಂತದ್ದು ಮತ್ತು ಬಿದ್ದದ್ದು ಎಷ್ಟೆಷ್ಟು ಭಾಗ ಅಂತ ಬರೆದು ಇಲ್ಲೇ ಹಾಕು.